ಬಣ್ಣದ ಕೇರಿ, ಕೆಂಪು ಬಾನಿ ಮನೆ, ಪಾರಿಜಾತ

ನಮ್ಮೂರಿನಲ್ಲಿ ಹೆಸರುಗಳು ಕಡಿಮೆ, ಜನ ಜಾಸ್ತಿ. ನಾನು ಕಟ್ಟೆಯ ಕೆಲಸಕ್ಕೆ ಸೇರಿದ ವರ್ಷ ಊರಿನಲ್ಲಿ ಮೂವತ್ತೊಂದು ಜನ ಪಾರಿಜಾತರಿದ್ದರು, ನಲವತ್ತು ಜನ ಅಚ್ಚಪ್ಪಂದಿರಿದ್ದರು. ಆ ನಲವತ್ತರಲ್ಲಿ ನಾನೂ ಒಬ್ಬ. ಯಾರಾದರೂ ಬರಿದೇ ‘ಅಚ್ಚಪ್ಪಾ’ ಎಂದು ಕೂಗಿದರೆ ಆ ಕೂಗು ಮೊದಲು ಕೂಗಿದವರ ಮನೆಯವರಲ್ಲೇ ಹುಡುಕುತ್ತದೆ, ಆ ಮನೆಯ ಅಚ್ಚಪ್ಪ ಆಗ ಎಲ್ಲಿದ್ದರೂ ಅವನಿಗೇ ಸಿಗುತ್ತದೆ. ಅಲ್ಲಿ ಅಚ್ಚಪ್ಪ ಇಲ್ಲದಿದ್ದರೆ ಅವರ ಕೇರಿಯ ಮನೆ ಮನೆಯನ್ನೂ ಹೊಕ್ಕು ಬರುತ್ತದೆ. ಅಲ್ಲೂ ಸಿಗದಿದ್ದರೆ ಊರ ನಡುವಿನ ಬಯಲಿಗೆ ಬರುತ್ತದೆ. ಮೊದಲು ಸಿಕ್ಕ ಅಚ್ಚಪ್ಪನ ಕಿವಿಯೊಳಗೆ ಇಳಿದು ಅಲ್ಲೇ ಮುಗಿಯುತ್ತದೆ, ಅವನಿಂದಾಚೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಬಯಲಿನಲ್ಲೂ ಯಾರೂ ಸಿಗದಿದ್ದರೆ ಕೂಗಿದವರ ಕಿವಿಗೇ ವಾಪಸ್ಸು ಬಂದು ತಣ್ಣಗೆ ಕೂರುತ್ತದೆ. ಕೇರಿ, ಮನೆ, ಹೆಸರು, ಮೂರನ್ನೂ ಸೇರಿಸಿ ಕೂಗಿದರೆ ಮಾತ್ರ ಎಲ್ಲೂ ತಡವರಿಸದೆ ನೇರ ಹೋಗುತ್ತದೆ. ನನ್ನ ಹೆಂಡತಿಗೆ ಸಿಟ್ಟು ಬಂದಾಗ ನಾನು ಪಕ್ಕದಲ್ಲೇ ಕೂತಿದ್ದರೂ ಮೂರನ್ನೂ ಸೇರಿಸಿ ಕರೆಯುತ್ತಾಳೆ. ಆಗ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ.

ಕರೆಯದೆ ಯಾರ ಮನೆಗೂ ಹೋಗಲಾಗುವುದಿಲ್ಲ. ಹೋಗಬಾರದು ಎಂಬ ಕಟ್ಟಳೆಯೇನೂ ಇಲ್ಲ, ಹೋದವರಿಗೆ ಬಾಗಿಲು ಸಿಗುವುದಿಲ್ಲ ಅಷ್ಟೆ. ನೆಟ್ಟಗೆ ಹೊರಟರೂ ಓಣಿ ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಕಡೆಗೆ ಬಯಲಿನ ಬೇವಿನ ಮರದ ಬುಡಕ್ಕೇ ತಂದು ನಿಲ್ಲಿಸುತ್ತದೆ. ತಮ್ಮ ತಮ್ಮ ಮನೆಗೆ ಮಾತ್ರ ತಮ್ಮ ಹೆಸರೇ ದಾರಿ ತೋರಿಸುತ್ತದೆ. ಹೀಗಾಗಿ ಕರೆಯದೇ ಊಟಕ್ಕೆ ಬಂದು ಕೂರುವ ನೆಂಟರ ಕಾಟ ನಮ್ಮೂರಿನಲ್ಲಿಲ್ಲ. ಬಯಲು ಎಲ್ಲರದು. ಅಲ್ಲಿಗೆ ಯಾರು ಬೇಕಾದರೂ ಬರಬಹುದು, ಎಷ್ಟು ಹೊತ್ತು ಬೇಕಾದರೂ ಇರಬಹುದು. ಮನೆ ಇಲ್ಲದವರು ಅಲ್ಲೇ ಅಂಚಿನಲ್ಲಿ ಡೇರೆ ಹಾಕಿಕೊಂಡಿರುತ್ತಾರೆ. ಅವರಿಗೆ ಕೇರಿಯೂ ಇಲ್ಲ, ಮನೆಯೂ ಇಲ್ಲ, ಹೆಸರೊಂದೇ.

ಬೇವಿನ ಮರದ ಕೆಳಗಿನ ಕಟ್ಟೆಯೇ ನನ್ನ ಕಚೇರಿ. ಯಾರಿಗೆ ಯಾರ ಪೂರ್ತಿ ಹೆಸರು ಬೇಕೋ ಹುಡುಕಿ ಹೇಳುವುದು, ಹೊಸ ಹೆಸರು ಬಂದರೆ ಬರೆದುಕೊಳ್ಳುವುದು, ಇಷ್ಟೇ ಕೆಲಸ. ನಮ್ಮಲ್ಲಿ ಮಗುವಿಗೆ ಹೆಸರಿಡುವುದೆಂದರೆ ಮನೆಯ ಹಿರಿಯರು ಹೊಸ್ತಿಲ ಮೇಲೆ ನಿಂತು ಕೇರಿ, ಮನೆ, ಹೆಸರು ಮೂರನ್ನೂ ಸೇರಿಸಿ ಒಂದು ಸಲ ಕರೆಯುವುದು. ತೊಟ್ಟಿಲಲ್ಲಿರುವ ಮಗು ತಲೆ ಹೊರಳಿಸಿದರೆ ಆ ಹೆಸರು ಕೂತಿತು ಎಂದು ಲೆಕ್ಕ. ಆಮೇಲೆ ಕಟ್ಟೆಗೆ ಬಂದು ಬರೆಸುತ್ತಾರೆ. ಒಂದು ಮನೆಯಲ್ಲಿ ಒಂದು ಹೆಸರಿಗೆ ಒಬ್ಬರೇ. ಬರೆಯುವ ಮುಂಚೆ ಕಟ್ಟೆಯವನು ಮೂರು ಸಲ ಕೇಳಬೇಕು: ‘ಈ ಹೆಸರಿನವರು, ನಿಮಗೆ ಬೇಕಾದವರು, ಮನೆಯಿಂದ ಆಚೆ ಯಾರಾದರೂ ಇದ್ದಾರಾ?’ ಒಂದೊಂದು ಸಲ ಕೇಳಿದ್ದಕ್ಕೂ ಒಂದೊಂದು ಚುಕ್ಕಿ ಇಡಬೇಕು. ಮನೆಯೊಳಗೊಬ್ಬರು ಆ ಹೆಸರು ಹೊತ್ತು ಕೂತರೆ ಹೊರಗಿನ ಅದೇ ಹೆಸರಿನವರಿಗೆ ಆ ಮನೆಯ ಬರಿಯ ಕೂಗು ಎಂದೂ ತಲುಪುವುದಿಲ್ಲವಲ್ಲ, ಅದಕ್ಕೆ. ಊರಿನ ಚಿಕ್ಕ ಮಕ್ಕಳಿಗೂ ಇದು ಗೊತ್ತು. ಆದರೂ ಮೂರು ಸಲ ಕೇಳುವುದು ಕ್ರಮ.

ಒಂದು ದಿನ ಮಧ್ಯಾಹ್ನ ಕಳೆದ ಮೇಲೆ ನಾನು ಚಕ್ಕುಲಿ ಕಡಿಯುತ್ತ ಕೂತಿದ್ದಾಗ ಹತ್ತೊಂಬತ್ತು ಇಪ್ಪತ್ತರ ಒಬ್ಬ ಹುಡುಗಿ ಬಂದು ನಿಂತಳು. ಮೊಣಕೈವರೆಗೂ ಕೈ ಕೆಂಪಗಿತ್ತು. ಬಣ್ಣದ ಕೇರಿಯವಳು ಎಂದು ಕೇಳದೆಯೇ ಗೊತ್ತಾಗುತ್ತಿತ್ತು. ಮಂಜಿಷ್ಠೆಯ ಬೇರು ಕುದಿಸಿ ನೂಲು ಅದ್ದುವವರ ಕೈ ಹಾಗಿರುತ್ತದೆ. ಆ ಕೆಂಪು ಎಷ್ಟು ಒಗೆದರೂ ಬಿಡುವುದಿಲ್ಲ, ಬಟ್ಟೆಯಿಂದಲೂ ಬಿಡುವುದಿಲ್ಲ, ಕೈಯಿಂದಲೂ ಬಿಡುವುದಿಲ್ಲ.

“ಅಚ್ಚಪ್ನೋರೇ, ನಮ್ಮ ಸೋದರತ್ತೆ ಪೂರ್ತಿ ಹೆಸರು ಬೇಕಿತ್ತು” ಎಂದಳು.

“ಏನಮ್ಮ ನಿಮ್ಮತ್ತೆ ಹೆಸರು?”

“ಪಾರಿಜಾತ.”

“ನಿನ್ನ ಹೆಸರು?”

“ಅದೂ ಪಾರಿಜಾತನೇ.”

ನಾನು ಚಕ್ಕುಲಿ ಕೆಳಗಿಟ್ಟೆ.

ಹುಡುಗಿ ನಿಂತುಕೊಂಡೇ ಎಲ್ಲ ಹೇಳಿದಳು. ಅವಳ ಅಜ್ಜಿ ಚಂಪಕ್ಕ, ಬಣ್ಣದ ಕೇರಿಯ ಕೆಂಪು ಬಾನಿ ಮನೆಯ ಯಜಮಾನಿ. ಮೊಮ್ಮಗಳು ಹುಟ್ಟುವುದಕ್ಕೆ ಒಂದು ವರ್ಷ ಮುಂಚೆ ಚಂಪಕ್ಕನ ಮಗಳನ್ನು ಗಾಜಿನ ಕೇರಿಯವನೊಬ್ಬ ತನ್ನ ಮನೆಯಿಂದ ಪೂರ್ತಿ ಹೆಸರು ಹಿಡಿದು ಕರೆದ. ಮಗಳು ಹೊರಟು ನಿಂತಳು. ಚಂಪಕ್ಕ ಹೊಸ್ತಿಲಲ್ಲಿ ಅಡ್ಡ ನಿಂತು, “ಹೋಗು, ಇನ್ನು ನಾನಾಗಿ ಕರೆಯೋಳಲ್ಲ” ಎಂದಳಂತೆ. ಮಗಳು, “ನೀನು ಕರೆಯೋವರೆಗೂ ನಾನೂ ಬರೋಳಲ್ಲ” ಎಂದಳಂತೆ. ಇಬ್ಬರೂ ಒಂದೇ ಬಾನಿಯಲ್ಲಿ ಅದ್ದಿದ ನೂಲು, ಒಬ್ಬಳಿಗಿಂತ ಒಬ್ಬಳು ಗಟ್ಟಿ. ಮರುವರ್ಷ ಮಗನಿಗೆ ಹೆಣ್ಣು ಹುಟ್ಟಿದಾಗ ಚಂಪಕ್ಕನ ಸಿಟ್ಟು ಇನ್ನೂ ಆರಿರಲಿಲ್ಲ. ‘ನಮ್ಮನೇಲಿ ಪಾರಿಜಾತ ಇಲ್ಲ ಅಂತ ಯಾರು ಹೇಳಿದ್ದು’ ಎಂದು ಕೂಸಿಗೆ ಅದೇ ಹೆಸರು ಇಟ್ಟಳು. ಕೂಸಿಗೆ ವರ್ಷ ತುಂಬುವ ಹೊತ್ತಿಗೆ ಊರಿಗೆಲ್ಲ ಜ್ವರ ಹತ್ತಿದ ವರ್ಷ ಬಂತು. ಮಗ, ಸೊಸೆ ಒಂದೇ ವಾರದಲ್ಲಿ ಹೋದರು. ಮನೆಯಲ್ಲಿ ಅಜ್ಜಿ, ಮೊಮ್ಮಗಳು ಇಬ್ಬರೇ ಉಳಿದರು. ಚಂಪಕ್ಕನ ಸಿಟ್ಟು ಅದೇ ವರ್ಷ ಎಲ್ಲಿ ಹೋಯಿತೋ ಹೋಯಿತು, ಹೆಸರು ಮಾತ್ರ ಉಳಿಯಿತು.

“ದಿನಾ ದೀಪ ಹಚ್ಚೋ ಹೊತ್ತಿಗೆ ಬಾಗಿಲಲ್ಲಿ ನಿಂತು ಕರೀತಾಳೆ” ಎಂದಳು ಹುಡುಗಿ. “ನಾನು ಎಲ್ಲಿದ್ರೂ ಓಡಿ ಬರ್ತೀನಿ. ಚಿಕ್ಕೋಳಿದ್ದಾಗ ನನ್ನೇ ಕರೀತಾಳೆ ಅಂದ್ಕೊಂಡಿದ್ದೆ. ನಾನು ಬಂದಾಗೆಲ್ಲ ಅವಳ ಮುಖ ಒಂಚೂರು ಇಳಿಯೋದು. ಆಮೇಲೆ ನನ್ನ ತಬ್ಬಿಕೊಂಡು, ಬಂದ್ಯಾ ಮಗಾ, ಅನ್ನೋಳು. ಯಾಕೆ ಹಾಗೆ ಮಾಡ್ತಾಳೆ ಅಂತ ನಂಗೆ ಎಂಟು ವರ್ಷ ಆಗೋವರೆಗೂ ತಿಳೀಲಿಲ್ಲ.”

ಹೇಳುವಾಗ ಅವಳು ನಗುತ್ತಿದ್ದಳು. ನನಗೆ ಅಳು ಬಂದ ಹಾಗಾಯಿತು, ಬರಲಿಲ್ಲ ಅಷ್ಟೆ. ಹದಿನೆಂಟು ವರ್ಷ ಇನ್ನೊಬ್ಬರನ್ನು ಕರೆದ ಕೂಗಿಗೆ ಓಡಿ ಬರುವುದೆಂದರೆ ಏನು ಎಂದು ನಾನು ಅದಕ್ಕೆ ಮೊದಲು ಯೋಚಿಸಿರಲಿಲ್ಲ.

“ಈಗ ಎದ್ದು ನಿಲ್ಲೋಕಾಗಲ್ಲ, ಮಂಚದ ಮೇಲಿಂದ್ಲೇ ಕರೀತಾಳೆ. ಉಸಿರು ಸಾಲೋದಿಲ್ಲ. ಇನ್ನು ಮೂರೋ ನಾಲ್ಕೋ ದಿನ ದನಿ ಇರತ್ತೆ, ಆಮೇಲೆ ಇಲ್ಲ ಅಂದ್ರು ಪಂಡಿತ್ರು. ಅಷ್ಟರೊಳಗೆ ಅತ್ತೆ ಒಂದ್ಸಲ ಮನೆಗೆ ಬರ್ಬೇಕು, ಅಚ್ಚಪ್ನೋರೇ. ನಾನು ಕರೆಯೋಣ ಅಂದ್ರೆ, ನನ್ನ ಹೆಸರು ನಾನೇ ಕೂಗಿದ್ರೆ ನನ್ನ ಕಿವೀನೇ ಜುಮ್ ಅನ್ನತ್ತೆ. ಪೂರ್ತಿ ಹೆಸರು ಕೊಡಿ, ಇವತ್ತೇ ಅಜ್ಜಿ ಕೈಲಿ ಕೂಗಿಸ್ತೀನಿ.”

ನಾನು ಪುಸ್ತಕ ತೆಗೆದೆ. ಗಾಜಿನ ಕೇರಿ, ಕುಲುಮೆ ಮನೆ, ಪಾರಿಜಾತ. ಸಿಕ್ಕಿತು. ಆದರೆ ಅದರ ಮೇಲೆ ಉದ್ದಕ್ಕೆ ಒಂದು ಗೀಟು ಎಳೆದಿತ್ತು. ಪಕ್ಕದಲ್ಲಿ ನನ್ನದೇ ಅಕ್ಷರ: ‘ಕುಲುಮೆ ಸಿಡಿದು ಮನೆ ಹೋಯಿತು. ಮನೆಯವನೂ ಹೋದ.’ ಹದಿನೆಂಟು ವರ್ಷದ ಹಿಂದಿನ ಮಾತು, ಜ್ವರದ ವರ್ಷದ್ದೇ. ಆಮೇಲೆ ಆ ಪಾರಿಜಾತ ಬೇರೆ ಯಾವ ಮನೆಯ ಹೆಸರಿನಲ್ಲೂ ಬಂದಿರಲಿಲ್ಲ.

“ಆ ಹೆಸರು ಅಜ್ಜಿಗೂ ಗೊತ್ತು” ಎಂದಳು ಹುಡುಗಿ. “ಸಿಟ್ಟಿಳಿದ ಮೇಲೆ ಮೊದ್ಲು ಅದ್ನೇ ಕೂಗಿ ನೋಡಿದಾಳೆ, ಅಷ್ಟ್ರಲ್ಲಿ ಮನೆ ಹೋಗಿತ್ತು. ವಾಪಸ್ ಬಂತು. ಬೇರೆ ಇಲ್ವಾ?”

ಬೇರೆ ಇರಲಿಲ್ಲ. ಹಾಳೆ ತಿರುವುತ್ತ ಹೋದಾಗ ಕೆಂಪು ಬಾನಿ ಮನೆಯ ಪುಟ ಬಂತು. ಹುಡುಗಿಯ ಹೆಸರು ಬರೆದ ಸಾಲು ನೋಡಿದೆ. ಅದರ ಮುಂದೆ ಮೂರು ಚುಕ್ಕಿ ಇರಬೇಕಾಗಿತ್ತು. ಒಂದೂ ಇರಲಿಲ್ಲ. ಮೊದಲು ಶಾಯಿ ಮಾಸಿದೆ ಎಂದುಕೊಂಡೆ. ಕನ್ನಡಕ ಒರೆಸಿ ನೋಡಿದೆ. ಮಾಸಿರಲಿಲ್ಲ, ನಾನು ಇಟ್ಟೇ ಇರಲಿಲ್ಲ. ಆ ದಿನ ನೆನಪಾಯಿತು. ಚಂಪಕ್ಕ ಕೂಸನ್ನು ಸೊಂಟದಲ್ಲಿಟ್ಟುಕೊಂಡು ಬಿರುಗಾಳಿಯ ಹಾಗೆ ಬಂದು, ‘ಬರ್ಕೋ’ ಎಂದಿದ್ದಳು. ಮನೆಯಲ್ಲಿ ಅವತ್ತು ಹೋಳಿಗೆ. ಬುತ್ತಿಯ ಗಂಟು ಬಿಚ್ಚಿಟ್ಟುಕೊಂಡು ಕೂತಿದ್ದೆ, ತುಪ್ಪ ಆರುತ್ತಿತ್ತು. ಒಂದು ಸಲವಾದರೂ ಕೇಳಿದ್ದರೆ ಅವಳು ಅಲ್ಲೇ ಕುಸಿದು ಕೂರುತ್ತಿದ್ದಳೇನೋ, ಬೇರೆ ಹೆಸರು ಬರೆಸುತ್ತಿದ್ದಳೇನೋ. ನಾನು ಕೇಳಲಿಲ್ಲ. ಬರೆದುಕೊಂಡು ಹೋಳಿಗೆ ತಿಂದೆ.

ಹೀಗೆ ತಲೆ ತಗ್ಗಿಸಿಕೊಂಡು ಕೂತಿರುವಾಗಲೇ ಹೊತ್ತು ಇಳಿಯಿತು. ಬಯಲಿನ ಮೇಲೆ ಬಣ್ಣದ ಕೇರಿಯ ಹೊಗೆ ತೆಳ್ಳಗೆ, ಒಂದಿಷ್ಟು ಕೆಂಪು, ಒಂದಿಷ್ಟು ನೀಲಿ, ಬಂದು ನಿಂತಿತು. ದಿನದ ಹಾಗೆಯೇ ಬಳೆ ಮಾರುವ ಹೆಂಗಸು ತನ್ನ ಡೇರೆಯಿಂದ ಬಂದು ಕಟ್ಟೆಯ ತೆಂಕಣ ಮೆಟ್ಟಿಲಿನ ಮೇಲೆ ಕೂತಳು. ಅವಳು ಎಷ್ಟೋ ವರ್ಷದಿಂದ ದೀಪ ಹಚ್ಚುವ ಹೊತ್ತಿಗೆ ಬಂದು ಒಂದು ಗಳಿಗೆ ಕೂತು ಎದ್ದು ಹೋಗುತ್ತಿದ್ದಳು. ನಾನು ಒಮ್ಮೊಮ್ಮೆ ಚಕ್ಕುಲಿ ಕೊಡುತ್ತಿದ್ದೆ, ತೆಗೆದುಕೊಳ್ಳುತ್ತಿದ್ದಳು. ಬಯಲಿನವರ ಹೆಸರು ನನ್ನ ಪುಸ್ತಕದಲ್ಲಿ ಇರುವುದಿಲ್ಲ, ಅದಕ್ಕೇ ನಾನು ಕೇಳಿರಲಿಲ್ಲ. ಕೇಳದೇ ಇರುವುದು ನನ್ನ ಹುಟ್ಟುಗುಣವೆಂದು ಕಾಣುತ್ತದೆ.

ಕೇರಿಗಳಲ್ಲಿ ಒಂದೊಂದೇ ದೀಪ ಹತ್ತಿತು. ಹುಡುಗಿ ಥಟ್ಟನೆ ಬಲಗಿವಿಗೆ ಕೈ ಇಟ್ಟುಕೊಂಡು ಬಣ್ಣದ ಕೇರಿಯ ಕಡೆ ತಿರುಗಿದಳು. ಕೂಗು ಕರೆಸಿಕೊಂಡವರಿಗೆ ಮಾತ್ರ ಕೇಳುವುದು, ನಮಗೆ ಏನೂ ಕೇಳಲಿಲ್ಲ.

“ಕರೆದ್ಳು” ಎಂದಳು. “ಎಷ್ಟು ಸಣ್ಣ ದನಿ. ಪಾರಿಜಾತಾ ಅನ್ನೋದ್ರಲ್ಲಿ ಕೊನೇದು ಕೇಳಿಸ್ಲೇ ಇಲ್ಲ.”

ಮೆಟ್ಟಿಲ ಮೇಲಿದ್ದ ಹೆಂಗಸು ಎದ್ದಳು. ಅವಳ ಬಳೆಯ ಬುಟ್ಟಿ ಉರುಳಿತು, ಅವಳು ಅದನ್ನು ನೋಡಲಿಲ್ಲ.

“ಯಾರು ಕರೆದ್ರು ನಿನ್ನ?” ಎಂದು ಕೇಳಿದಳು.

“ನಮ್ಮಜ್ಜಿ.”

“ಯಾವ ಮನೆ?”

“ಕೆಂಪು ಬಾನಿ ಮನೆ.”

“ದಿನಾ ಕರೀತಾಳಾ?”

“ದಿನಾ. ನಾನು ಕೂಸಾಗಿದ್ದಾಗಿಂದ” ಎಂದು ಹುಡುಗಿ ಹೇಳುತ್ತ ಹೇಳುತ್ತ ನಿಧಾನ ಮಾಡಿದಳು. ಆ ಹೆಂಗಸಿನ ಮುಖದಲ್ಲಿ ಅವಳಿಗೆ ಅಜ್ಜಿಯ ಗದ್ದ ಕಾಣಿಸಿತಂತೆ, ಆಮೇಲೆ ಹೇಳಿದಳು. “ನನ್ನಲ್ಲ ಅವಳು ಕರೆಯೋದು. ನಿಮ್ಮನ್ನ. ಕೇಳಿಸೋದು ಮಾತ್ರ ನಂಗೆ.”

ಹದಿನೆಂಟು ವರ್ಷ ಬಯಲಿನಲ್ಲಿ ಅವಳು ಕಾದಿದ್ದಳು. ಮನೆ ಹೋದ ಮೇಲೆ ಬರಿಯ ಹೆಸರು ಬಯಲಿನವರೆಗೆ ಬಂದೇ ಬರುತ್ತದೆಂದು, ತಾಯಿ ಕರೆಯುವುದಿದ್ದರೆ ದೀಪ ಹಚ್ಚುವ ಹೊತ್ತಿಗೇ ಕರೆಯುವಳೆಂದು, ದಿನವೂ ಇಲ್ಲಿ ಬಂದು ಕೂತಿದ್ದಳು. ಅವಳು ಹೊರಟು ಹೋದ ಮೇಲೆ ಆ ಮನೆಯಲ್ಲಿ ಇನ್ನೊಬ್ಬ ಪಾರಿಜಾತ ಹುಟ್ಟಿದ್ದು ಅವಳಿಗೆ ಗೊತ್ತೇ ಇರಲಿಲ್ಲ. ತಾಯಿ ಕರೆಯಲೇ ಇಲ್ಲ ಎಂದುಕೊಂಡಿದ್ದಳು. ಕೂಗು ಪ್ರತಿದಿನ ಹೊರಡುತ್ತಿತ್ತು, ಆ ಮನೆಯವಳ ಕಿವಿಯಲ್ಲೇ ಮುಗಿಯುತ್ತಿತ್ತು. ದೊಡ್ಡ ಪಾರಿಜಾತ ಅಲ್ಲೇ ಒಡೆದ ಬಳೆಗಳ ಮಧ್ಯೆ ಕೂತು ಅತ್ತಳು. ಚಿಕ್ಕ ಪಾರಿಜಾತ ಅವಳ ಪಕ್ಕ ಕೂತು ಸುಮ್ಮನೆ ಬಳೆ ಆರಿಸಿದಳು. ನಾನು ನನ್ನ ತಪ್ಪನ್ನು ಇಬ್ಬರಿಗೂ ಹೇಳಿದೆ, ಹೋಳಿಗೆಯ ಸಮೇತ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ವಾಸಿಯಿತ್ತು.

“ಅಮ್ಮಂಗೂ ಗೊತ್ತಿತ್ತಲ್ಲ, ನಿಮ್ಮೊಬ್ಬರದೇ ಏನು” ಎಂದಳು ದೊಡ್ಡ ಪಾರಿಜಾತ ಮೂಗು ಒರೆಸಿಕೊಳ್ಳುತ್ತ.

“ಅತ್ತೆ, ಈಗಲೇ ನನ್ನ ಜೊತೆ ಬಂದ್ಬಿಡಿ” ಎಂದು ಹುಡುಗಿ ಅವಳ ಕೈ ಹಿಡಿದು ಹೊರಟಳು. ನಾನು ಬೇಡವೆನ್ನಲಿಲ್ಲ. ಸ್ವಲ್ಪ ಹೊತ್ತಿಗೆ ದೊಡ್ಡ ಪಾರಿಜಾತ ಒಬ್ಬಳೇ ಬೇವಿನ ಮರದ ಬುಡದಲ್ಲಿ ಬಂದು ನಿಂತಳು. ಯಾವ ತಿರುವಿನಲ್ಲಿ ಕೈ ಜಾರಿತೋ ಅವಳಿಗೂ ತಿಳಿಯಲಿಲ್ಲ. ಕರೆದದ್ದು ಅವಳನ್ನೇ ಆದರೂ ಕೂಗು ಅವಳ ಕಿವಿಗೆ ಬಿದ್ದಿರಲಿಲ್ಲ. ಬೀಳದ ಕೂಗು ಬಾಗಿಲು ತೆರೆಯುವುದಿಲ್ಲ.

ಮರುದಿನ ಹುಡುಗಿ ಹೊತ್ತು ಇಳಿಯುವ ಮುಂಚೆಯೇ ಬಂದಳು. ತಲೆ ಬಾಚಿಕೊಂಡು ಒಗೆದ ಸೀರೆ ಉಟ್ಟಿದ್ದಳು. “ಕುಡಿಕೆ ಕೊಡಿ, ಅಚ್ಚಪ್ನೋರೇ” ಎಂದಳು.

ಕಟ್ಟೆಯ ಗೂಡಿನಲ್ಲಿ ಮಣ್ಣಿನ ಕುಡಿಕೆಗಳಿವೆ. ಜ್ವರದಿಂದ ಎದ್ದವರು, ಅತ್ತ ಕರೆ ಇತ್ತ ಕರೆಯಿಂದ ರೋಸಿಹೋದ ಸೊಸೆಯಂದಿರು ಅದರೊಳಗೆ ತಮ್ಮ ಹೆಸರನ್ನು ಉಸುರಿ, ಬಾಯಿಗೆ ಬಟ್ಟೆ ಕಟ್ಟಿಟ್ಟು, ಬೇವಿನ ನೆರಳಿನಲ್ಲಿ ಒಂದು ಗಳಿಗೆ ಮಲಗಿ ಹೋಗುವುದುಂಟು. ಆಗ ಯಾರು ಕೂಗಿದರೂ ಅವರಿಗೆ ತಾಗುವುದಿಲ್ಲ. ಎದ್ದ ಮೇಲೆ ಬಟ್ಟೆ ಬಿಚ್ಚಿ ಕುಡಿಕೆಯನ್ನು ಕಿವಿಗೆ ಹಿಡಿದರೆ ಹೆಸರು ಬೆಚ್ಚಗೆ ವಾಪಸ್ಸು ಬರುತ್ತದೆ. ಇಷ್ಟು ಸುಲಭದ ಉಪಾಯ ನನಗೇಕೆ ಹೊಳೆಯಲಿಲ್ಲ ಎಂದು ನನ್ನ ಹಣೆ ನಾನೇ ಚಚ್ಚಿಕೊಂಡೆ. ಹುಡುಗಿಯ ಹೆಸರು ಕುಡಿಕೆಯಲ್ಲಿದ್ದರೆ ಮನೆಯಲ್ಲಿ ಪಾರಿಜಾತ ಇಲ್ಲ. ಕೇರಿಯಲ್ಲಿ ಇನ್ನೊಬ್ಬಳಿದ್ದಳು, ಅವಳು ಹೋದ ಮಳೆಗಾಲದಲ್ಲಿ ಮಗ್ಗದ ಕೇರಿಗೆ ಮದುವೆಯಾಗಿ ಹೋಗಿದ್ದಳು, ನಾನೇ ಬರೆದಿದ್ದೆ. ಕೂಗು ನೇರ ಬಯಲಿಗೆ ಬರಬೇಕು. ಸಂತೋಷದಲ್ಲಿ ಮೇಲುಗಡೆಯ ಹೊಸ ಕುಡಿಕೆಯನ್ನೇ ತೆಗೆದುಕೊಟ್ಟೆ.

“ಅಜ್ಜಿಗೆ ಹೇಳಿದೀಯಾ?”

“ಹೇಳ್ದೆ. ಬೇಡ ಅಂದ್ಳು. ಬೇಡ ಅಂದ್ರೆ ಬಿಡ್ತೀನಾ? ದೀಪ ಹಚ್ಚಿಟ್ಟು, ಕರಿ ಅಂತ ಹೇಳಿ ಬಂದಿದೀನಿ.”

ಅವಳು ಕುಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಅದರೊಳಗೆ ಹೆಸರು ಹೇಳಿದಳು. ಬಟ್ಟೆ ಕಟ್ಟುವ ಮುಂಚೆ ಒಂದು ಕ್ಷಣ ಒಳಗೆ ನೋಡಿದಳು. ಆ ನೋಟವನ್ನು ನಾನು ಗಮನಿಸಬೇಕಿತ್ತು. ದೊಡ್ಡ ಪಾರಿಜಾತ ಮೆಟ್ಟಿಲ ಮೇಲೆ ಕೂರಲಾರದೆ ನಿಂತೇ ಇದ್ದಳು. ದೀಪಗಳು ಹತ್ತಿದವು. ಮೂವರೂ ಕಾದು ನಿಂತೆವು. ಏನೂ ಆಗಲಿಲ್ಲ. ಚಂಪಕ್ಕನಿಗೆ ದನಿಯೇ ಏಳಲಿಲ್ಲವೋ, ಬೇಡವೆಂದ ಹಟದಲ್ಲೇ ಬಾಯಿ ಮುಚ್ಚಿಕೊಂಡಳೋ ಎಂದುಕೊಂಡೆ. ಆಮೇಲೆ ದೊಡ್ಡ ಪಾರಿಜಾತಳ ಕೈ ತಾನೇ ತಾನಾಗಿ ಬಲಗಿವಿಗೆ ಹೋಯಿತು.

ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಣಿಯ ಕಡೆ ನಡೆದಳು. ಓಣಿಯ ಬಾಯಿಯಲ್ಲಿ ನಿಂತು ತಿರುಗಿ ಹುಡುಗಿಯನ್ನು ನೋಡಿದಳು. ಹುಡುಗಿ, “ಹೋಗಿ, ಹೋಗಿ, ಮತ್ತೆ ಕರೆಯೋಕೆ ಅವಳಿಗೆ ಆಗಲ್ಲ” ಎಂದು ಕೈ ಬೀಸಿದಳು. ದೊಡ್ಡ ಪಾರಿಜಾತ ಒಳಗೆ ಹೋದಳು. ಬೇವಿನ ಮರದ ಬುಡಕ್ಕೆ ಅವಳು ಬರುತ್ತಾಳೇನೋ ಎಂದು ಸ್ವಲ್ಪ ಹೊತ್ತು ನೋಡಿದೆವು. ಬರಲಿಲ್ಲ. ಬಾಗಿಲು ಸಿಕ್ಕಿತ್ತು.

ಹುಡುಗಿ ನಕ್ಕಳು, ನಾನೂ ನಕ್ಕೆ. ಚಕ್ಕುಲಿಯ ಡಬ್ಬಿ ತೆಗೆದು ಇಬ್ಬರೂ ತಿಂದೆವು. “ಸರಿ, ನಿನ್ನ ಹೆಸರು ತಗೊಂಡು ಬೇಗ ಮನೆಗೆ ಹೋಗು, ಮೂವರೂ ಸೇರಿ ಉಂಡುಕೊಳ್ಳಿ” ಎಂದು ಕುಡಿಕೆಯ ಬಟ್ಟೆ ಬಿಚ್ಚಿದೆ. ಕುಡಿಕೆ ತಣ್ಣಗಿತ್ತು. ಕಿವಿಗೆ ಹಿಡಿದೆ. ಖಾಲಿ ಮಡಕೆಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ಆಗ ನೆನಪಾಯಿತು. ಒಂದು ಮನೆಯಲ್ಲಿ ಒಂದು ಹೆಸರಿಗೆ ಒಬ್ಬರೇ. ಕರೆದು ಒಳಗೆ ಕರೆಸಿಕೊಂಡ ಮಗಳು, ಅದೂ ಬೇರೆ ಮನೆಯೇ ಇಲ್ಲದವಳು, ಮತ್ತೆ ಆ ಮನೆಯವಳೇ. ಬಣ್ಣದ ಕೇರಿ, ಕೆಂಪು ಬಾನಿ ಮನೆ, ಪಾರಿಜಾತ ಎಂದರೆ ಈಗ ಅವಳು. ಮೂವತ್ತು ವರ್ಷದಿಂದ ಈ ನಿಯಮವನ್ನು ಊರಿಗೆಲ್ಲ ಹೇಳಿಕೊಂಡು ಬಂದ ನಾನು, ಹುಡುಗಿ ಕುಡಿಕೆ ಕೇಳಿದಾಗ ಒಂದು ಮಾತು ಕೇಳದೆ ಎತ್ತಿಕೊಟ್ಟಿದ್ದೆ. ಒಂದೇ ಮನೆಗೆ ಎರಡನೆಯ ಸಲ.

“ನಿಂಗೆ ಗೊತ್ತಿತ್ತಾ?” ಎಂದೆ.

“ಗೊತ್ತಿತ್ತು.”

“ಮತ್ಯಾಕಮ್ಮ ಹೇಳ್ಲಿಲ್ಲ?”

“ಹೇಳಿದ್ರೆ ಕೊಡ್ತಿದ್ರಾ?” ಎಂದಳು. ಆಮೇಲೆ ಕೆಂಪು ಕೈಗಳನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡಳು. “ನಂದಲ್ಲ ಅದು, ಅಚ್ಚಪ್ನೋರೇ. ಅವರದ್ದು. ನಾನು ಇಟ್ಕೊಂಡಿದ್ದೆ ಅಷ್ಟೆ.”

ಹೆಸರಿಲ್ಲದವರಿಗೆ ಅವರ ಮನೆಯ ದಾರಿಯೂ ಇಲ್ಲ. ಆದರೂ ಅವಳು ಎದ್ದು ಓಣಿಗೆ ಹೋದಳು, ದಿನವೂ ನಡೆದ ಓಣಿ, ಕಣ್ಣು ಕಟ್ಟಿಬಿಟ್ಟರೂ ಹೋಗಬಲ್ಲ ಓಣಿ. ಬೇವಿನ ಮರದ ಬುಡದಲ್ಲಿ ಬಂದು ನಿಂತಳು. ಇನ್ನೊಂದು ಸಲ ಹೋದಳು. ಮತ್ತೆ ಅಲ್ಲೇ ಬಂದಳು. ಅಜ್ಜಿಯ ದನಿ ಇನ್ನೆಷ್ಟು ಹೊತ್ತು ಇರುತ್ತದೋ, ಆ ಹೊತ್ತಿನಲ್ಲಿ ಪಕ್ಕದಲ್ಲಿರಬೇಕಾದವಳು ಇಲ್ಲಿ ಬಯಲಿನಲ್ಲಿ ನಿಂತಿದ್ದಳು. ಅವಳನ್ನು ಸಮಾಧಾನ ಮಾಡಲು ಕರೆಯೋಣವೆಂದರೆ ನನ್ನ ಬಾಯಿಗೂ ಹೆಸರು ಸಿಗಲಿಲ್ಲ. ‘ಏ ಹುಡುಗಿ’ ಎಂದೆ. ಅದು ಅವಳಿಗೂ ಅಲ್ಲ, ಯಾರಿಗೂ ಅಲ್ಲ.

“ಪರ್ವಾಗಿಲ್ಲ” ಎಂದಳು. “ಅತ್ತೆ ಇದಾರಲ್ಲ ಜೊತೇಲಿ. ಅಜ್ಜಿ ಅಷ್ಟು ದಿನದಿಂದ ಕಾದಿದ್ದು ಅದಕ್ಕೇ ತಾನೇ.” ಹಾಗೆ ಹೇಳಿ ಮೆಟ್ಟಿಲ ಮೇಲೆ, ನಿನ್ನೆಯವರೆಗೆ ಅವಳ ಅತ್ತೆ ಕೂರುತ್ತಿದ್ದ ಜಾಗದಲ್ಲೇ ಕೂತಳು. ಒಬ್ಬಳನ್ನು ಎಬ್ಬಿಸಿ ಇನ್ನೊಬ್ಬಳನ್ನು ಅದೇ ಮೆಟ್ಟಿಲ ಮೇಲೆ ಕೂರಿಸಿದ್ದೆ.

ಬಣ್ಣದ ಹೊಗೆ ಬಯಲಿನ ಮೇಲೆ ಇಳಿಯುತ್ತ ಇಳಿಯುತ್ತ ಡೇರೆಗಳನ್ನೂ, ಮರವನ್ನೂ, ಅವಳನ್ನೂ ಒಂದೇ ಬಣ್ಣ ಮಾಡುತ್ತಿತ್ತು. ಅವಳು ಇರುವುದು ಇನ್ನು ಸ್ವಲ್ಪ ಹೊತ್ತಿಗೆ ನನಗೂ ಕಾಣುವುದಿಲ್ಲವೇನೋ ಎನ್ನಿಸಿ, ಪುಸ್ತಕ ಬಿಟ್ಟು ಅವಳ ಪಕ್ಕ ಬಂದು ಕೂತೆ. ಚಕ್ಕುಲಿ ಕೊಟ್ಟೆ. ಅವಳು ತೆಗೆದುಕೊಂಡು ಕಡಿಯಲು ಬಾಯಿಗೆ ಇಟ್ಟಳು. ಹಾಗೇ ನಿಂತುಬಿಟ್ಟಳು. ಬಲಗೈ ಚಕ್ಕುಲಿ ಸಮೇತ ಕಿವಿಗೆ ಹೋಯಿತು. ಕೂಸಿನ ಹಾಗೆ ನಿಧಾನವಾಗಿ ಬಣ್ಣದ ಕೇರಿಯ ಕಡೆಗೆ ತಲೆ ಹೊರಳಿಸಿದಳು.

“ಏನಾಯ್ತಮ್ಮ?”

“ಕರೆದ್ಳು.” ಅವಳ ಕಣ್ಣು ದೊಡ್ಡದಾಗಿತ್ತು. “ಕೇರಿ ಹೇಳಿದ್ಳು. ಮನೆ ಹೇಳಿದ್ಳು. ಒಂದೊಂದಕ್ಕೂ ನಿಲ್ಲಿಸಿ ನಿಲ್ಲಿಸಿ ಉಸಿರು ತಗೊಂಡು. ಆಮೇಲೆ…”

“ಆಮೇಲೆ?”

“ಮಂಜಿಷ್ಠೆ ಅಂದ್ಳು.”

ಹತ್ತೊಂಬತ್ತು ವರ್ಷದ ಹುಡುಗಿಗೆ, ಇಷ್ಟು ದೂರದಿಂದ, ಮಂಚದ ಮೇಲೆ ಮಲಗಿ ಹೆಸರಿಟ್ಟದ್ದು ನಮ್ಮೂರಿನಲ್ಲಿ ನಾನು ಕೇಳಿದ್ದಿಲ್ಲ. ಹದಿನೆಂಟು ವರ್ಷ ಒಂದೇ ಹೆಸರನ್ನು ಕರೆದು ಕರೆದು ಸವೆದ ದನಿಯಲ್ಲಿ ಚೂರುಪಾರು ಉಳಿದಿದ್ದನ್ನು ಆ ಮುದುಕಿ ಇದಕ್ಕೆ ಎತ್ತಿಟ್ಟುಕೊಂಡಿದ್ದಳು. ಮೂರನ್ನೂ ಸೇರಿಸಿ, ಎಲ್ಲೂ ತಪ್ಪದ ಹಾಗೆ, ಬೇರೆ ಯಾರಿಗೂ ತಾಗದ ಹಾಗೆ ಕರೆದಿದ್ದಳು. ಹುಡುಗಿ ಆಗಲೇ ಎದ್ದು ಸೆರಗು ಸಿಕ್ಕಿಸಿಕೊಂಡು ಹೊರಟಿದ್ದಳು.

“ನಿಲ್ಲು” ಎಂದೆ.

“ಅಯ್ಯೋ, ನಾಳೆ ಬರ್ಕೊಳ್ಳಿ ಅಚ್ಚಪ್ನೋರೇ, ಅಜ್ಜಿ ಕಾಯ್ತಿದಾಳೆ!”

“ಒಂದು ನಿಮಿಷ ಕಾಯ್ಲಿ. ಈ ಸಲ ನಾನು ಕೇಳ್ಲೇಬೇಕು.” ಓಡಿ ಕಟ್ಟೆಯೇರಿ ಪುಸ್ತಕ ಬಿಚ್ಚಿದೆ. ಕೆಂಪು ಬಾನಿ ಮನೆಯ ಪುಟದಲ್ಲಿ ಹೊಸ ಸಾಲು ಬರೆದೆ. “ಈ ಹೆಸರಿನವರು, ನಿನಗೆ ಬೇಕಾದವರು, ಮನೆಯಿಂದ ಆಚೆ ಯಾರಾದರೂ ಇದ್ದಾರಾ?”

“ಇಲ್ಲ.”

ಚುಕ್ಕಿ ಇಟ್ಟೆ. ಮತ್ತೆ ಕೇಳಿದೆ. “ಇಲ್ಲ ಅಂದ್ನಲ್ಲ” ಎಂದು ಅವಳು ನಿಂತಲ್ಲೇ ಕುಣಿದಳು. ಎರಡನೆಯ ಚುಕ್ಕಿ ಇಟ್ಟೆ. ಮೂರನೆಯ ಸಲ ಕೇಳಿದೆ. ಅವಳು ಕುಣಿಯುವುದನ್ನು ನಿಲ್ಲಿಸಿ, ತನ್ನ ಕೆಂಪು ಕೈಗಳನ್ನು ಒಮ್ಮೆ ನೋಡಿಕೊಂಡು, ನಿಧಾನವಾಗಿ ಹೇಳಿದಳು.

“ಇಲ್ಲ, ಅಚ್ಚಪ್ನೋರೇ. ಇದು ನಾನೊಬ್ಳೇ.”

ಮೂರನೆಯ ಚುಕ್ಕಿ ಇಟ್ಟೆ. ಅವಳು ಓಣಿಯೊಳಗೆ ಓಡಿದಳು. ನಾನು ಬೇವಿನ ಮರದ ಬುಡವನ್ನೇ ನೋಡುತ್ತ ತುಂಬ ಹೊತ್ತು ಕೂತಿದ್ದೆ. ಅವಳು ವಾಪಸ್ಸು ಬರಲಿಲ್ಲ.